ಸೀರೆ ಅಂಗಡಿಗೆ ಹುಡುಕಾಟದ ತಂತ್ರಾಂಶ: ಯಾವ ಪರಿಕಲ್ಪನೆಯಿಂದ ಆರಂಭಿಸಬೇಕು?

ಪ್ರಶ್ನೆ: ಬಿಸಿಎ ವಿದ್ಯಾರ್ಥಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವನವರ ಸೀರೆ ಅಂಗಡಿಯಿದೆ. ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಅಲ್ಲಿಯ ಮುಖ್ಯ ವ್ಯಾಪಾರ. ಮೊಳಕಾಲ್ಮೂರಿನ ರೇಷ್ಮೆ ಸೀರೆಗಳು ಮತ್ತು ಹೊಲಿದ ಚೂಡಿದಾರಗಳೂ ಸ್ವಲ್ಪ ಇರುತ್ತವೆ. ಒಟ್ಟು ಸುಮಾರು 6,000 ಸೀರೆಗಳು ಕಪಾಟುಗಳಲ್ಲಿವೆ. "ಹಸಿರು ಒಡಲು, ಗೋಮಿ ದಡಿ, ಮೂರು ಸಾವಿರದ ಒಳಗೆ ತೋರಿಸಿ" ಎಂದು ಗಿರಾಕಿಗಳು ಕೇಳಿದಾಗ ಗಾದಿಯ ಮೇಲೆ ಹತ್ತಾರು ಸೀರೆಗಳನ್ನು ಬಿಚ್ಚಿ ಹರಡಬೇಕಾಗುತ್ತದೆ. ಯಾವ ಸೀರೆ ಎಲ್ಲಿದೆ ಎಂಬುದು ಇಬ್ಬರು ಹಳೆಯ ಕೆಲಸಗಾರರ ನೆನಪಿನಲ್ಲಿ ಮಾತ್ರ ಇದೆ.

ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಇದಕ್ಕೊಂದು ತಂತ್ರಾಂಶ ಮಾಡಬೇಕೆಂದಿದ್ದೇನೆ. ಬಣ್ಣ, ದಡಿ (ಅಂಚು), ಸೆರಗು, ಬೆಲೆಗಳನ್ನು ಕೊಟ್ಟರೆ ಸೀರೆ ಯಾವ ಕಪಾಟಿನಲ್ಲಿದೆ ಎಂದು ಫೋನಿನಲ್ಲಿ ತೋರಿಸುವುದು ಅದರ ಮೊದಲ ಭಾಗ. ಗಿರಾಕಿ ತಂದ ಸೀರೆಯ ಫೋಟೊ ತೆಗೆದು ಅದಕ್ಕೆ ಒಪ್ಪುವ ಖಣವನ್ನು ಹುಡುಕಿಕೊಡುವುದು ಎರಡನೆಯ ಭಾಗ.

ತರಗತಿಯಲ್ಲಿ ಅರೇ, ಹ್ಯಾಶ್ ಟೇಬಲ್, ಬೈನರಿ ಟ್ರೀ, ಗ್ರಾಫ್, ಡೇಟಾಬೇಸ್ ಎಲ್ಲವನ್ನೂ ಓದಿದ್ದೇವೆ, ಆದರೆ ಇವುಗಳಲ್ಲಿ ಯಾವುದು ಇಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದು ಸ್ಪಷ್ಟವಾಗುತ್ತಿಲ್ಲ. ಮಷಿನ್ ಲರ್ನಿಂಗ್ ಇಲ್ಲದಿದ್ದರೆ ಪ್ರಾಜೆಕ್ಟಿಗೆ ಬೆಲೆಯೇ ಇಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಹುಡುಕಾಟ ವೇಗವಾಗಿ ಆಗಬೇಕಾದರೆ ಯಾವ ಡೇಟಾ ಸ್ಟ್ರಕ್ಚರ್ ಸೂಕ್ತ, ಮತ್ತು ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ದಾಸ್ತಾನು ತಂತ್ರಾಂಶದ ಎಂಜಿನಿಯರ್, ಬೆಂಗಳೂರು

ವೇಗದ ಚಿಂತೆಯನ್ನು ಮೊದಲು ಬಿಟ್ಟುಬಿಡಿ. ಒಂದು ಸೀರೆಯ ವಿವರಕ್ಕೆ 200 ಬೈಟ್ ಹಿಡಿದರೂ 6,000 ಸೀರೆಗಳಿಗೆ 12 ಲಕ್ಷ ಬೈಟ್ ಆಗುತ್ತದೆ. ನಿಮ್ಮ ಫೋನಿನಲ್ಲಿ ತೆಗೆದ ಒಂದೇ ಫೋಟೊ ಅದಕ್ಕಿಂತ ಹೆಚ್ಚು ಜಾಗ ತಿನ್ನಬಹುದು. ಅಷ್ಟೂ ದಾಖಲೆಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ನೋಡುತ್ತಾ ಹೋಗುವ ಅತ್ಯಂತ ಸರಳ ವಿಧಾನವೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಬೈನರಿ ಟ್ರೀಯನ್ನು ಕೈಯಾರೆ ಬರೆದು ತೋರಿಸಿದರೆ ಪರೀಕ್ಷಕರು ಮೆಚ್ಚಬಹುದು, ಅಂಗಡಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಸಂಖ್ಯೆ ಕೊಟ್ಟರೆ ಸೀರೆ ಸಿಗಬೇಕಾದಲ್ಲಿ ಹ್ಯಾಶ್ ಟೇಬಲ್ ಬೇಕು ಎನ್ನಬಹುದು, ಆದರೆ ಡೇಟಾಬೇಸಿನಲ್ಲಿ ಒಂದು ಸೂಚಿ (ಇಂಡೆಕ್ಸ್) ಹಾಕಿದರೆ ಆ ಕೆಲಸವೂ ತಾನಾಗಿಯೇ ಆಗುತ್ತದೆ.

ನಿಜವಾದ ಕಷ್ಟ ಇರುವುದು ಗುರುತಿನಲ್ಲಿ. ಕಾರ್ಖಾನೆಯ ಅಂಗಿಗಳ ವ್ಯಾಪಾರಕ್ಕೆಂದು ಮಾಡಿದ ಸಿದ್ಧ ತಂತ್ರಾಂಶಗಳು ವಸ್ತುವಿನ ಬಗೆಗೆ ಒಂದು ಸಂಖ್ಯೆ ಕೊಟ್ಟು, ಅದರ ಪಕ್ಕದಲ್ಲಿ ಎಣಿಕೆಯನ್ನು ಇಡುತ್ತವೆ: ನೀಲಿ ಅಂಗಿ, 40ರ ಅಳತೆ, 12 ನಗ (ಬಿಡಿ ವಸ್ತು). ಆ ಹನ್ನೆರಡರಲ್ಲಿ ಯಾವುದನ್ನು ಕೊಟ್ಟರೂ ನಡೆಯುತ್ತದೆ. ಕೈಮಗ್ಗದ ಸೀರೆಯಲ್ಲಿ ಹಾಗಲ್ಲ: ಒಂದೇ ನೇಕಾರರು ಒಂದೇ ದಡಿ ಹಾಕಿ ನೇಯ್ದ ಎರಡು ಸೀರೆಗಳಲ್ಲಿ ಒಡಲಿನ ಬಣ್ಣ ಬೇರೆಯಿರುತ್ತದೆ, ಇಲ್ಲವೇ ಒಂದು ಆರು ವಾರ (ಗಜ), ಇನ್ನೊಂದು ಎಂಟು ವಾರ ಉದ್ದ ಇರುತ್ತದೆ. ಆದ್ದರಿಂದ ನಿಮ್ಮಲ್ಲಿ ಪ್ರತಿಯೊಂದು ನಗಕ್ಕೂ ತನ್ನದೇ ಸಂಖ್ಯೆ ಬೇಕು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಮೈಸೂರು ರೇಷ್ಮೆ ಸೀರೆಗಳಲ್ಲಿ ಒಂದೊಂದು ಸೀರೆಗೂ ಪ್ರತ್ಯೇಕ ಸಂಖ್ಯೆ ಇರುವುದನ್ನು ನೀವು ನೋಡಿರಬಹುದು. ಆ ಕ್ರಮವನ್ನೇ ಅನುಸರಿಸಿ.

ಹಾಗೆಂದು ಬಗೆಯನ್ನು ಮರೆಯಬಾರದು. ಜಕಾರ್ಡ್ ಮಗ್ಗದಲ್ಲಿ ನೇಯ್ದ ಸೀರೆಗಳಲ್ಲಿ ದಡಿಯ ವಿನ್ಯಾಸವನ್ನು ನಿರ್ಧರಿಸುವುದು ರಂಧ್ರಗಳಿರುವ ರಟ್ಟಿನ ಪಟ್ಟಿಗಳ ಸರಣಿ. ಒಂದೊಂದು ಪಟ್ಟಿಯೂ ಆಯಾ ಹೊಕ್ಕಿನ (ಅಡ್ಡ ಎಳೆಯ) ಹೊತ್ತಿಗೆ ಹಾಸಿನ (ಉದ್ದಕ್ಕಿರುವ) ಯಾವ ಎಳೆಗಳು ಮೇಲೇಳಬೇಕು, ಯಾವುವು ಕೆಳಗಿರಬೇಕು ಎಂದು ಹೇಳುತ್ತದೆ. (1804ರ ಆ ಮಗ್ಗಕ್ಕೂ ಕಂಪ್ಯೂಟರಿಗೂ ಇರುವ ನಂಟಿನ ಬಗ್ಗೆ ಎಲ್ಲ ಪಠ್ಯಪುಸ್ತಕಗಳೂ ಒಂದು ಪುಟ ಬರೆದು ಮುಂದೆ ಹೋಗುತ್ತವೆ, ಇಲ್ಲಿ ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.) ಒಂದೇ ಪಟ್ಟಿಗಳ ಸರಣಿಯಿಂದ ಬಂದ ದಡಿಗಳನ್ನು ಒಂದೇ ವಿನ್ಯಾಸವೆಂದು ಪರಿಗಣಿಸಿ, ಅದಕ್ಕೊಂದು ವಿನ್ಯಾಸ ಸಂಖ್ಯೆ ಕೊಡಿ. ಆಗ ವಿನ್ಯಾಸಗಳ ಕೋಷ್ಟಕ ಒಂದು, ನಗಗಳ ಕೋಷ್ಟಕ ಇನ್ನೊಂದು, ನೇಕಾರರ ಕೋಷ್ಟಕ ಮತ್ತೊಂದು ಆಗುತ್ತದೆ. ನಗದ ಸಾಲಿನಲ್ಲಿ ವಿನ್ಯಾಸದ ಹೆಸರು ಇರುವುದಿಲ್ಲ, ಅದರ ಸಂಖ್ಯೆ ಮಾತ್ರ ಇರುತ್ತದೆ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ, ವಿವರಗಳನ್ನು ಕೋಷ್ಟಕಗಳಲ್ಲಿ ಇಡುವ ಸಂಬಂಧಾತ್ಮಕ ಮಾದರಿಯಿಂದ ಬೆಳೆದ ನಾರ್ಮಲೈಸೇಶನ್ (ಒಂದೇ ವಿವರವನ್ನು ಹಲವು ಕಡೆ ಬರೆಯದಂತೆ ಕೋಷ್ಟಕಗಳನ್ನು ಬೇರ್ಪಡಿಸುವ) ಪಾಠದಲ್ಲಿ ನೀವು ಇದನ್ನೇ ಓದಿದ್ದೀರಿ.

ಸಂಖ್ಯೆಯನ್ನು ಬಾರ್‌ಕೋಡ್ ಆಗಿ ಅಂಟಿಸಿ. ಹದಿಮೂರು ಅಂಕಿಗಳ ಬಾರ್‌ಕೋಡ್ ಪದ್ಧತಿಯಲ್ಲಿ 2ರಿಂದ ಆರಂಭವಾಗುವ ಸಂಖ್ಯೆಗಳನ್ನು ಅಂಗಡಿಯ ಒಳಬಳಕೆಗೆಂದೇ ಬಿಟ್ಟಿದ್ದಾರೆ, ಅದಕ್ಕೆ ಯಾರ ಬಳಿಯೂ ನೋಂದಣಿ ಬೇಕಾಗಿಲ್ಲ. ಕೊನೆಯ ಅಂಕಿ ತಾಳೆ ನೋಡುವ ಅಂಕಿ. ಎಡದಿಂದ ಹನ್ನೆರಡು ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ 1 ಮತ್ತು 3ರಿಂದ ಗುಣಿಸಿ ಕೂಡಿಸಬೇಕು. ಆ ಮೊತ್ತವನ್ನು ಮುಂದಿನ ಹತ್ತರ ಮಗ್ಗಿಗೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ. ಉದಾಹರಣೆಗೆ 200000001234 ಎಂಬುದಕ್ಕೆ 2 + 1 + 6 + 3 + 12 ಸೇರಿ 24 ಬರುತ್ತದೆ, 30ಕ್ಕೆ ಇನ್ನು 6 ಬೇಕು, ಆದ್ದರಿಂದ ಪೂರ್ಣ ಸಂಖ್ಯೆ 2000000012346. ಚೀಟಿ ಮಾಸಿ, ಕೆಲಸಗಾರರು ಸಂಖ್ಯೆಯನ್ನು ಕೈಯಲ್ಲಿ ಒತ್ತುವಾಗ 2 ಮತ್ತು 3 ಅದಲುಬದಲಾದರೆ ಮೊತ್ತ 26 ಆಗಿ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಪಕ್ಕಪಕ್ಕದ ಅಂಕಿಗಳ ವ್ಯತ್ಯಾಸ ಸರಿಯಾಗಿ 5 ಇದ್ದಾಗ, ಅಂದರೆ 1 ಮತ್ತು 6ರಂತಹ ಜೋಡಿಗಳಲ್ಲಿ, ಇಂತಹ ಅದಲುಬದಲನ್ನು ಈ ಲೆಕ್ಕ ಹಿಡಿಯಲಾರದು. ಪ್ರಾಜೆಕ್ಟ್ ವರದಿಯಲ್ಲಿ ಇದನ್ನು ಏಕೆ ಎಂದು ಬಿಡಿಸಿ ತೋರಿಸಿದರೆ ಅಂಕ ಸಿಗುತ್ತದೆ.

ತೆರಿಗೆಯ ದರವನ್ನು ಕೋಡಿನ ಒಳಗೆ ಬರೆಯಬೇಡಿ. ಹೊಲಿದ ಉಡುಪುಗಳ ಜಿಎಸ್‌ಟಿಯಲ್ಲಿ ನಗಕ್ಕೆ 1,000 ರೂಪಾಯಿ ಎಂದಿದ್ದ ಗಡಿ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿಗೆ ಏರಿತು. ಗಡಿಯ ಒಳಗೆ ಶೇ. 5 ಹಾಗೆಯೇ ಉಳಿದರೂ ಅದರ ಮೇಲಿನ ದರ ಶೇ. 12ರಿಂದ 18 ಆಯಿತು. ಗಡಿ, ದರ, ಜಾರಿಗೆ ಬಂದ ದಿನಾಂಕ ಇವು ಒಂದು ಕೋಷ್ಟಕದಲ್ಲಿದ್ದರೆ ಹಳೆಯ ಬಿಲ್ಲನ್ನು ಮತ್ತೆ ತೆಗೆದಾಗಲೂ ಲೆಕ್ಕ ಕೂಡಿಬರುತ್ತದೆ.

ಉತ್ತರ: ಅಂಗಡಿ ಲೆಕ್ಕಪತ್ರ, ದಾವಣಗೆರೆ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಂಗಡಿಯ ಕಡೆಯಿಂದ ಎರಡು ಮಾತುಗಳನ್ನು ಸೇರಿಸಬೇಕಾಗಿದೆ.

ಒಂದು ಸೀರೆಯ ವಿವರವನ್ನು ತುಂಬಲು ಎರಡು ನಿಮಿಷ ಹಿಡಿದರೆ 6,000 ಸೀರೆಗಳಿಗೆ 200 ತಾಸು ಬೇಕು, ಮತ್ತು ಆ 200 ತಾಸು ಅಂಗಡಿ ಮುಚ್ಚಿರುವುದಿಲ್ಲ. ಆದ್ದರಿಂದ ಹಳೆಯ ದಾಸ್ತಾನಿಗೆ ಕೈ ಹಾಕದೆ, ಇಂದಿನಿಂದ ಬರುವ ಗಂಟುಗಳನ್ನು ಬಿಚ್ಚುವಾಗಲೇ ಚೀಟಿ ಅಂಟಿಸಿ ದಾಖಲಿಸಿ. ಆ ಹೊತ್ತಿನಲ್ಲಿ ನೇಕಾರರ ಬಿಲ್ಲು ಕೈಯಲ್ಲಿರುತ್ತದೆ, ಸೀರೆ ಹೇಗಿದ್ದರೂ ಬಿಚ್ಚಿ ನೋಡಲೇಬೇಕಿರುತ್ತದೆ. ಹಳೆಯ ಸೀರೆಗಳನ್ನು ಗಿರಾಕಿಗಳ ಮುಂದೆ ಬಿಚ್ಚಿ, ಮರಳಿ ಮಡಿಸುವಾಗ ಒಂದೊಂದಾಗಿ ಸೇರಿಸುತ್ತಾ ಹೋಗಬಹುದು. ವರ್ಷಗಟ್ಟಲೆ ಯಾರೂ ಬಿಚ್ಚಿಸದ ಸೀರೆ ದಾಖಲೆಯಲ್ಲಿ ಇಲ್ಲದಿದ್ದರೆ ಹೋಗುವುದೇನು?

ಎರಡನೆಯದು ಸೀರೆಯ ಸ್ಥಿತಿ. ಅಂಗಡಿಯ ಹೊರಗಿನವರು "ಇದೆ" ಮತ್ತು "ಮಾರಾಟವಾಗಿದೆ" ಎಂಬ ಎರಡೇ ಸ್ಥಿತಿಗಳನ್ನು ಊಹಿಸುತ್ತಾರೆ. ವಾಸ್ತವದಲ್ಲಿ ಸೀರೆ ಕಪಾಟಿನಲ್ಲಿರಬಹುದು. ಮುಂಗಡ ಪಡೆದು ತೆಗೆದಿಟ್ಟಿರಬಹುದು. ಪರಿಚಯದವರು ಮನೆಯ ಹಿರಿಯರಿಗೆ ತೋರಿಸುತ್ತೇವೆಂದು ಹಣ ಕೊಡದೆ ನಾಲ್ಕು ಸೀರೆ ಒಯ್ದು, ಒಂದನ್ನು ಇಟ್ಟುಕೊಂಡು ಮೂರನ್ನು ಮರಳಿಸುವವರಿರಬಹುದು. ಮಾರಾಟವಾಗಿ ಫಾಲ್, ಪಿಕೊ ಇಲ್ಲವೇ ಕುಚ್ಚು ಹಾಕಲು ಹೋಗಿರಬಹುದು. ದೋಷ ಕಂಡು ನೇಕಾರರಿಗೆ ವಾಪಸು ಹೋಗಿರಬಹುದು. ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗಬಹುದು, ಯಾವುದಕ್ಕೆ ಹೋಗಲಾಗದು ಎಂಬುದನ್ನು ಕಾಗದದ ಮೇಲೆ ಬಾಣಗಳಿಂದ ಬರೆದುಕೊಳ್ಳಿ. ಮನೆಗೆ ಒಯ್ದ ಸೀರೆ ಕಪಾಟಿಗೆ ಮರಳಬಹುದು, ಫಾಲ್ ಹಚ್ಚಿದ ಸೀರೆ ಮರಳುವಂತಿಲ್ಲ. ನಿಮ್ಮ ಪಠ್ಯದಲ್ಲಿ ಫೈನೈಟ್ ಸ್ಟೇಟ್ ಮಷಿನ್ ಎಂಬ ಪಾಠ ಇದ್ದೀತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಾಜೆಕ್ಟಿನಲ್ಲಿ ಅತ್ಯಂತ ಹೆಚ್ಚು ದುಡಿಯುವ ಪರಿಕಲ್ಪನೆ ಅದೇ. ಉದ್ರಿ ಲೆಕ್ಕವನ್ನು ಮಾತ್ರ ಈ ಸ್ಥಿತಿಗಳೊಂದಿಗೆ ಬೆರೆಸಬೇಡಿ, ಅದು ಗಿರಾಕಿಯ ಖಾತೆಗೆ ಸೇರಿದ್ದು.

ಜಾಗದ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಎಷ್ಟನೆಯ ಖಾನೆಯಲ್ಲಿ ಮೇಲಿನಿಂದ ಎಷ್ಟನೆಯದು ಎಂದು ಬರೆದರೆ ಸಂಜೆಯೊಳಗೆ ಅದು ಸುಳ್ಳಾಗುತ್ತದೆ. ಖಾನೆಯ ಸಂಖ್ಯೆಯಷ್ಟನ್ನೇ ಇಡಿ. ಸೀರೆ ಮರಳಿ ಇಡುವಾಗ ಖಾನೆಯ ಚೀಟಿಯನ್ನೂ ಸೀರೆಯ ಚೀಟಿಯನ್ನೂ ಒಮ್ಮೆ ಸ್ಕ್ಯಾನ್ ಮಾಡುವ ಅಭ್ಯಾಸವಾದರೆ ಸಾಕು.

ಉತ್ತರ: ಕನ್ನಡ ಪಠ್ಯ ಸಂಸ್ಕರಣೆ

ದಡಿ, ಸೆರಗುಗಳ ಹೆಸರುಗಳನ್ನು ಕನ್ನಡದಲ್ಲಿ ಟೈಪ್ ಮಾಡಿ ಹುಡುಕುವುದಾದರೆ ಒಂದು ಎಚ್ಚರಿಕೆ ಅಗತ್ಯ. "ಗೋಮಿ" ಎಂಬುದರ ಮೊದಲ ಅಕ್ಷರದಲ್ಲಿರುವ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಒಕಾರದ ಚಿಹ್ನೆ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಆ ಒಕಾರವೂ ಮತ್ತೆ ಎರಡಾಗಿ ಒಡೆಯುತ್ತದೆ. ಪರದೆಯ ಮೇಲೆ ಎಲ್ಲವೂ ಒಂದೇ ರೀತಿ ಕಾಣುತ್ತವೆ, ಆದರೆ ಬೈಟ್‌ಗಳನ್ನು ಹೋಲಿಸಿ ನೋಡುವ ಪ್ರೋಗ್ರಾಮ್ ಅವುಗಳನ್ನು ಬೇರೆ ಪದಗಳೆಂದೇ ತಿಳಿಯುತ್ತದೆ. ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಎರಡೂ ಕಡೆ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಇಂತಹ ಬೇರೆ ಬೇರೆ ಬರಹಗಳನ್ನು ಒಂದೇ ಆಗಿಸುವ ಯೂನಿಕೋಡ್ ರೂಪ) ತನ್ನಿ. ಅಂಗಡಿಯ ಹಳೆಯ ಪಟ್ಟಿಗಳು ಯೂನಿಕೋಡ್‌ಗೆ ಮುಂಚಿನ ನುಡಿ ಇಲ್ಲವೇ ಬರಹ ಫಾಂಟುಗಳಲ್ಲಿದ್ದರೆ ಅವುಗಳನ್ನು ಪರಿವರ್ತಕದ ಮೂಲಕ ಹಾಯಿಸದೆ ನೇರವಾಗಿ ಸೇರಿಸಲಾಗದು.

ಇನ್ನೂ ಒಳ್ಳೆಯ ದಾರಿಯೆಂದರೆ ಕೆಲಸಗಾರರಿಂದ ಟೈಪ್ ಮಾಡಿಸದೇ ಇರುವುದು. ಗೋಮಿ, ಚಿಕ್ಕಿ ಪರಾಸ, ಗಾಡಿ ಎಂದು ದಡಿಗಳ ಚಿತ್ರಸಹಿತ ಪಟ್ಟಿ ಇದ್ದು ಬೆರಳಿನಿಂದ ಆರಿಸುವಂತಿದ್ದರೆ ಕಾಗುಣಿತದ ತಕರಾರೇ ಬರುವುದಿಲ್ಲ.

ಉತ್ತರ: ಬಟ್ಟೆಗೆ ಬಣ್ಣ ಹಾಕುವ ವಿಭಾಗದಲ್ಲಿ ಕೆಲಸ

ಖಣ ಹೊಂದಿಸುವ ಭಾಗದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಬಣ್ಣಕ್ಕೆ ಹೆಸರಿಡುವುದರಿಂದ ನಿಮ್ಮ ಸಮಸ್ಯೆ ಬಗೆಹರಿಯುವುದಿಲ್ಲ. ರಾಮಾ ಗ್ರೀನ್, ಬಾಟಲ್ ಗ್ರೀನ್, ಗಿಳಿ ಹಸಿರು, ಆನಂದ ಬ್ಲೂ, ಎಂ.ಎಸ್. ಬ್ಲೂ ಎಂಬ ಹೆಸರುಗಳು ವ್ಯಾಪಾರದಲ್ಲಿ ಚೆನ್ನಾಗಿ ನಡೆಯುತ್ತವೆ, ಆದರೆ ಒಬ್ಬರ ರಾಮಾ ಗ್ರೀನ್ ಇನ್ನೊಬ್ಬರಿಗೆ ನವಿಲುಬಣ್ಣ. ಹೆಸರು ಗಿರಾಕಿಯೊಂದಿಗೆ ಮಾತಾಡಲು ಇರಲಿ, ಹೋಲಿಕೆಗೆ ಅಂಕಿಗಳು ಬೇಕು.

ಫೋಟೊದಿಂದ ಸಿಗುವ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳನ್ನು ನೇರವಾಗಿ ಹೋಲಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ. ಆ ಅಂಕಿಗಳ ನಡುವಿನ ಅಂತರ ಕಣ್ಣಿಗೆ ಕಾಣುವ ಅಂತರದೊಂದಿಗೆ ತಾಳೆಯಾಗುವುದಿಲ್ಲ. ಒಂದು ಕಡೆ ದೊಡ್ಡ ಅಂತರವೂ ಕಣ್ಣಿಗೆ ತಿಳಿಯದು, ಇನ್ನೊಂದು ಕಡೆ ಸಣ್ಣದೂ ಎದ್ದು ಕಾಣುತ್ತದೆ. ಇದಕ್ಕಾಗಿಯೇ 1976ರಲ್ಲಿ ಅಂತಾರಾಷ್ಟ್ರೀಯ ಬೆಳಕಿನ ಆಯೋಗ ಸಿಐಇ ಲ್ಯಾಬ್ ಎಂಬ ಪದ್ಧತಿಯನ್ನು ಒಪ್ಪಿಕೊಂಡಿತು. ಅದರಲ್ಲಿ ಎಲ್ ಎಂದರೆ 0ಯಿಂದ 100ರವರೆಗಿನ ಹೊಳಪು, ಎ ಎಂದರೆ ಹಸಿರಿನಿಂದ ಕೆಂಪಿನ ಕಡೆಗೆ, ಬಿ ಎಂದರೆ ನೀಲಿಯಿಂದ ಹಳದಿಯ ಕಡೆಗೆ ಹೋಗುವ ಅಳತೆ. ಎರಡು ಬಣ್ಣಗಳ ಮೂರು ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಬರುವುದು ಅವುಗಳ ಅಂತರ. ಅದು ಸುಮಾರು 2.3ರ ಆಸುಪಾಸಿನಲ್ಲಿದ್ದಾಗ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲು ಆರಂಭವಾಗುತ್ತದೆ ಎಂದು ಹಿಡಿಯುವುದುಂಟು. ಇದಕ್ಕಿಂತ ನಿಖರವಾದ ಸೂತ್ರ ಸಿಐಇಡಿಇ2000 ಎಂಬ ಹೆಸರಿನಲ್ಲಿದೆ, ಸಿದ್ಧ ಲೈಬ್ರರಿಗಳಲ್ಲಿ ಸಿಗುತ್ತದೆ. ನಿಮ್ಮಲ್ಲಿರುವ ಎಲ್ಲ ಖಣಗಳೊಂದಿಗೆ ಅಂತರ ಲೆಕ್ಕ ಹಾಕಿ, ಅತಿ ಕಡಿಮೆ ಇರುವ ಹತ್ತನ್ನು ತೋರಿಸಿದರೆ ಅದೇ ನಿಮ್ಮ ಹತ್ತಿರದ ನೆರೆಯ ಅಲ್ಗಾರಿದಮ್. ಸ್ನೇಹಿತರು ಕೇಳಿದರೆ ಇದನ್ನೂ ಮಷಿನ್ ಲರ್ನಿಂಗ್ ಎನ್ನಬಹುದು, ಪಠ್ಯಪುಸ್ತಕಗಳೇ ಹಾಗೆ ಕರೆಯುತ್ತವೆ.

ಆದರೆ ಯಾವ ಬಣ್ಣವನ್ನು ಯಾವುದಕ್ಕೆ ಹೋಲಿಸಬೇಕು? ಇಳಕಲ್ ಸೀರೆ ಉಡುವವರು ಖಣವನ್ನು ಹೆಚ್ಚಾಗಿ ದಡಿಗೆ ಹೊಂದಿಸುತ್ತಾರೆ, ಒಡಲಿಗಲ್ಲ. ಇಡೀ ಫೋಟೊದ ಸರಾಸರಿ ತೆಗೆದರೆ ಅಗಲವಾದ ಒಡಲೇ ಗೆಲ್ಲುತ್ತದೆ, ದಡಿಯ ಬಣ್ಣ ಅದರಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಒಡಲು, ದಡಿ, ಸೆರಗು ಮೂರಕ್ಕೂ ಪ್ರತ್ಯೇಕ ಬಣ್ಣವನ್ನು ದಾಖಲಿಸಿ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಡಬಲ್ ಶೇಡ್ ಬಟ್ಟೆಗಳಲ್ಲಿ ಮಡಿಕೆ ತಿರುಗಿದಂತೆ ಬಣ್ಣವೂ ತಿರುಗುತ್ತದೆ. ಅಲ್ಲಿ ಸರಾಸರಿಯ ಬದಲು ಎರಡೂ ಬಣ್ಣಗಳನ್ನು ಇಟ್ಟು, ಯಾವುದು ಹತ್ತಿರವೋ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಜರಿಯಂತೂ ಕ್ಯಾಮೆರಾಕ್ಕೆ ಒಮ್ಮೆ ಬಿಳಿ, ಒಮ್ಮೆ ಕಂದು. ಅದನ್ನು ಅಳೆಯಲು ಹೋಗದೆ ಜರಿ ಇದೆ ಅಥವಾ ಇಲ್ಲ ಎಂದಷ್ಟೇ ಬರೆಯುವುದು ಜಾಣತನ.

ಫೋಟೊ ತೆಗೆಯುವ ಬೆಳಕು ಒಂದೇ ಇರಬೇಕು. ಚೌಕಟ್ಟಿನ ಮೂಲೆಯಲ್ಲಿ ಬೂದುಬಣ್ಣದ ಒಂದು ಕಾರ್ಡ್ ಇಟ್ಟು, ಅದು ಬೂದಾಗಿಯೇ ಕಾಣುವಂತೆ ಉಳಿದ ಬಣ್ಣಗಳನ್ನು ಸರಿಪಡಿಸಬಹುದು. ಇಷ್ಟಾದರೂ ಕೆಲವು ಜೋಡಿಗಳು ಟ್ಯೂಬ್‌ಲೈಟಿನಲ್ಲಿ ಒಂದೇ ಬಣ್ಣವಾಗಿ ಕಂಡು ಬಿಸಿಲಿನಲ್ಲಿ ಬೇರೆಯಾಗುತ್ತವೆ, ಏಕೆಂದರೆ ಹತ್ತಿಗೂ ರೇಷ್ಮೆಗೂ ಹಾಕುವ ಬಣ್ಣದ ದ್ರವ್ಯಗಳು ಬೇರೆ. ಗಿರಾಕಿಗಳು ಸೀರೆಯನ್ನು ಬಾಗಿಲ ಹತ್ತಿರ ಒಯ್ದು ನೋಡುವುದು ಇದಕ್ಕಾಗಿಯೇ. ತಂತ್ರಾಂಶ ಹತ್ತು ಖಣ ಆರಿಸಿಕೊಡಲಿ, ಕೊನೆಯ ತೀರ್ಮಾನ ಬಾಗಿಲಲ್ಲಿಯೇ ಆಗಲಿ.

ಪ್ರತಿಕ್ರಿಯೆ: ಬಿಸಿಎ ವಿದ್ಯಾರ್ಥಿ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದಗಳು. ನಗಕ್ಕೊಂದು ಸಂಖ್ಯೆ, ಸ್ಥಿತಿಗಳ ಚಿತ್ರ, ಮೂರು ಪ್ರತ್ಯೇಕ ಬಣ್ಣ ಎಂಬ ನೆಲೆಯಲ್ಲಿ ಕೋಷ್ಟಕಗಳನ್ನು ಬರೆಯಲು ಆರಂಭಿಸಿದ್ದೇನೆ. ಇನ್ನೊಂದು ಸಂದೇಹವಿದೆ. ಮಾಮಾ ಸೀರೆಗಳ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹೊರಊರಿನ ಗಿರಾಕಿಗಳಿಗೂ ಕಳಿಸುತ್ತಾರೆ. ಪ್ರತಿ ಸೀರೆಯೂ ಒಂದೇ ನಗ ಇರುವುದರಿಂದ, ಫೋನಿನಲ್ಲಿ ಒಬ್ಬರು ಒಪ್ಪಿಕೊಳ್ಳುವ ಹೊತ್ತಿಗೆ ಕೌಂಟರಿನಲ್ಲಿ ಇನ್ನೊಬ್ಬರಿಗೆ ಅದೇ ಸೀರೆಯ ಬಿಲ್ಲು ಆಗುವುದನ್ನು ತಡೆಯುವುದು ಹೇಗೆ?

ಉತ್ತರ: ದಾಸ್ತಾನು ತಂತ್ರಾಂಶದ ಎಂಜಿನಿಯರ್, ಬೆಂಗಳೂರು

"ಸೀರೆ ಇದೆಯೇ ಎಂದು ನೋಡು" ಎಂಬ ಒಂದು ಆಜ್ಞೆ, ಇದ್ದರೆ "ಕಾದಿರಿಸು" ಎಂಬ ಇನ್ನೊಂದು ಆಜ್ಞೆ ಎಂದು ಬರೆದರೆ ಅವೆರಡರ ನಡುವಿನ ಬಿಡುವಿನಲ್ಲಿ ಇನ್ನೊಬ್ಬರು ನುಗ್ಗಬಹುದು. ರೇಸ್ ಕಂಡಿಶನ್ ಎಂದರೆ ಇದೇ. ಎರಡನ್ನೂ ಒಂದೇ ಆಜ್ಞೆಯಾಗಿಸಿ: ಈ ಸಂಖ್ಯೆಯ ಸೀರೆಯ ಸ್ಥಿತಿ "ಕಪಾಟಿನಲ್ಲಿದೆ" ಎಂದಿದ್ದರೆ ಮಾತ್ರ ಅದನ್ನು "ಕಾದಿರಿಸಿದೆ" ಎಂದು ಬದಲಿಸು. ಎಷ್ಟು ಸಾಲುಗಳು ಬದಲಾದವು ಎಂದು ಡೇಟಾಬೇಸ್ ಮರಳಿ ತಿಳಿಸುತ್ತದೆ. 1 ಬಂದರೆ ಸೀರೆ ನಿಮ್ಮದು. 0 ಬಂದರೆ ಬೇರೆಯವರು ಅದಾಗಲೇ ತೆಗೆದುಕೊಂಡಿದ್ದಾರೆ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಬರೆಯಲು ಬಿಡುತ್ತದೆ, ನಿಮ್ಮ ಗಾತ್ರದ ಅಂಗಡಿಗೆ ಅದು ಧಾರಾಳವಾಗಿ ಸಾಕು. ಆದರೆ ಪ್ರತಿ ಫೋನಿನಲ್ಲಿಯೂ ಡೇಟಾಬೇಸಿನ ಒಂದೊಂದು ಪ್ರತಿ ಇಟ್ಟು ಸಂಜೆ ಕೂಡಿಸುವ ಆಲೋಚನೆ ಇದ್ದರೆ ಕೈಬಿಡಿ. ಎಲ್ಲ ಫೋನುಗಳೂ ಅಂಗಡಿಯ ಒಂದೇ ಕಂಪ್ಯೂಟರನ್ನು ಕೇಳಬೇಕು.

ನೆಟ್‌ವರ್ಕ್ ನಿಧಾನವಾದಾಗ ಕೆಲಸಗಾರರು ಗುಂಡಿಯನ್ನು ಎರಡು ಬಾರಿ ಒತ್ತುವುದು ಖಚಿತ. ಎರಡನೆಯ ಬಾರಿ 0 ಬಂದು, ತಾವೇ ಕಾದಿರಿಸಿದ ಸೀರೆ ಬೇರೆಯವರ ಪಾಲಾಯಿತೆಂದು ಅವರು ಗಾಬರಿಯಾಗುತ್ತಾರೆ. ಪ್ರತಿ ಕೋರಿಕೆಗೂ ಫೋನೇ ಒಂದು ಪ್ರತ್ಯೇಕ ಸಂಖ್ಯೆ ಹಚ್ಚಿ ಕಳಿಸಲಿ. ಅದೇ ಸಂಖ್ಯೆ ಮತ್ತೆ ಬಂದರೆ ಕಂಪ್ಯೂಟರ್ ಹೊಸದಾಗಿ ಏನನ್ನೂ ಮಾಡದೆ ಹಿಂದಿನ ಉತ್ತರವನ್ನೇ ಕೊಡಲಿ. ಕಾದಿರಿಸಿದ್ದಕ್ಕೆ ಒಂದು ಗಡುವನ್ನೂ ಇಡಿ, ಹದಿನೈದು ನಿಮಿಷದಲ್ಲಿ ಹಣ ಬಾರದಿದ್ದರೆ ಸೀರೆ ತಾನಾಗಿಯೇ ಕಪಾಟಿನ ಸ್ಥಿತಿಗೆ ಮರಳಲಿ.

ಉತ್ತರ: ಅಂಗಡಿ ಲೆಕ್ಕಪತ್ರ, ದಾವಣಗೆರೆ

ಹದಿನೈದು ನಿಮಿಷ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ಮದುವೆ ಸೀರೆಯ ಫೋಟೊ ಬೆಳಗ್ಗೆ ಹೋದರೆ, ಅದನ್ನು ಬೀಗರ ಮನೆಯವರೆಲ್ಲ ನೋಡಿ ಉತ್ತರ ಬರುವುದು ಸಂಜೆಗೆ. ಮುಂಗಡ ಬಾರದ ಸೀರೆಗೆ ಅಂಗಡಿ ಮುಚ್ಚುವ ಹೊತ್ತನ್ನು ಗಡುವಾಗಿಡಿ. ಮುಂಗಡ ಬಂದ ಸೀರೆಗೆ ಗಡುವೇ ಬೇಡ, ಅದನ್ನು ಬಿಡಿಸುವ ಅಧಿಕಾರ ನಿಮ್ಮ ಮಾಮನವರ ಫೋನಿನಲ್ಲಿ ಮಾತ್ರ ಇರಲಿ. ದಸರಾ, ದೀಪಾವಳಿಯ ದಿನಗಳಲ್ಲಿ ಈ ಅವಧಿಯನ್ನು ಕಡಿಮೆ ಮಾಡಲು ಅವರು ಕೇಳಿಯೇ ಕೇಳುತ್ತಾರೆ, ಆದ್ದರಿಂದ ತೆರಿಗೆ ದರದ ಹಾಗೆ ಇದನ್ನೂ ಕೋಷ್ಟಕದಲ್ಲಿಯೇ ಇಡಿ.